ಕೊಡಗಳ ಪಾಳಿ, ಆಷಾಢದ ಗಾಳಿ

ತುಮಕೂರು ಕಡೆಯ ನಮ್ಮ ಸೋದರತ್ತೆಯ ಊರಲ್ಲಿ ಬೀದಿಗೊಂದು ತೊಂಬೆ. ಸಿಮೆಂಟ್ ಟ್ಯಾಂಕು, ಸುತ್ತ ನಾಲ್ಕು ನಲ್ಲಿ. ಒಂದಕ್ಕೆ ತಿರುಪು ಇಲ್ಲ, ಇನ್ನೊಂದಕ್ಕೆ ಮರದ ಬಿರಡೆ ಜಡಿದಿದ್ದರು. ಉಳಿದ ಎರಡಕ್ಕೆ ಇಡೀ ಕೇರಿ.

ಕರೆಂಟು ಬಂದರೆ ಮೋಟರು, ನೀರುಗಂಟಿ ಮನಸ್ಸು ಮಾಡಿದರೆ ನೀರು. ಅದು ಯಾವಾಗ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಪಾಳಿಯಲ್ಲಿ ಜನ ನಿಲ್ಲುತ್ತಿರಲಿಲ್ಲ, ಕೊಡ ನಿಲ್ಲುತ್ತಿದ್ದವು. ಕೊಡ ಇಟ್ಟವರು ಹೊಲಕ್ಕೆ ಹೋಗಿ ಕಳೆ ಕಿತ್ತು ಬಂದರೂ ಜಾಗ ಅವರದೇ. ಕೋರ್ಟಿನ ತಡೆಯಾಜ್ಞೆಗೂ ಅಷ್ಟು ಮರ್ಯಾದೆ ಇರಲಿಲ್ಲ.

ಈ ಕಾನೂನು ಕೆಡಿಸಿದ್ದು ಪ್ಲಾಸ್ಟಿಕ್ ಕೊಡ. ಹಿತ್ತಾಳೆ ಬಿಂದಿಗೆಗಿಂತ ಹೊರಲು ಹಗುರ, ಸರಿ. ಆದರೆ ಆಷಾಢದ ಗಾಳಿಗೂ ಹಗುರ ಅಲ್ವಾ? ಒಂದು ಮಧ್ಯಾಹ್ನ ಇಡೀ ಪಾಳಿ ಉರುಳಿಕೊಂಡು ಹೋಗಿ ಸ್ಕೂಲಿನ ಕಾಂಪೌಂಡಿಗೆ ಒರಗಿತು. ಎಲ್ಲವೂ ಒಂದೇ ಸಂತೆಯಲ್ಲಿ ಕೊಂಡ ಹಸಿರು ಕೊಡಗಳು. ಯಾರದು ಮೊದಲಿತ್ತು? ಎಲ್ಲರದೂ. ಜಗಳ ನಡೆಯುವಾಗಲೇ ನೀರು ಬಂತು, ಹಿಡಿಯುವವರಿಲ್ಲದೆ ಚರಂಡಿಗೆ ಹರಿದು ನಿಂತೂ ಹೋಯಿತು. ಮಾರನೆಯ ದಿನದಿಂದ ಕೊಡಕ್ಕೊಂದು ಕಲ್ಲು. ಅತ್ತೆ ಜಾಣತನ ಮಾಡಿ ಕೊಡದ ಕುತ್ತಿಗೆಗೆ ಕೆಂಪು ನೈಲ್ ಪಾಲಿಶ್ ಬಳಿದರು. ವಾರದೊಳಗೆ ಕೇರಿಯ ಅಷ್ಟೂ ಕೊಡಗಳ ಕುತ್ತಿಗೆ ಕೆಂಪಾಯಿತು.

ತೊಂಬೆ ಕೈಕೊಟ್ಟರೆ ಬೋರಿಂಗ್. ಇಂಡಿಯಾ ಮಾರ್ಕ್ 2, 1970ರ ದಶಕದಲ್ಲಿ ಹಳ್ಳಿಗಳಿಗೆಂದೇ ರೂಪಿಸಿದ ಕೈಪಂಪು. ಆಳದ ನೀರನ್ನೂ ಎತ್ತುತ್ತದೆ, ಹಿಡಿ ಮಾತ್ರ ದೊಡ್ಡವರ ಲೆಕ್ಕದ್ದು. ರಜೆಗೆ ಹೋದ ನನ್ನನ್ನು ಅದಕ್ಕೆ ಜೋತುಬಿಡುತ್ತಿದ್ದರು. ಹಿಡಿ ಮೇಲೆದ್ದರೆ ನಾನೂ ಮೇಲೆ. ಗಲ್ಲಕ್ಕೆ ಬಡಿದ ಗುರುತು ಇನ್ನೂ ಇದೆ.

2019ರಲ್ಲಿ ಜಲಜೀವನ್ ಯೋಜನೆ ಬಂತು. ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಈಗ ಮನೆ ಮುಂದೆಯೇ ನಲ್ಲಿ. ಹೆಂಗಸರ ಸೊಂಟ ಉಳಿಯಿತು, ಅದೇನು ಕಮ್ಮಿ ಮಾತಲ್ಲ. ಆದರೆ ಮೊದಲು ಪಾಳಿ ತಪ್ಪಿಸುವವರು ಕಣ್ಣೆದುರಿಗೇ ಸಿಗುತ್ತಿದ್ದರು. ಈಗ ಬಾಗಿಲು ಹಾಕಿಕೊಂಡು ಪೈಪಿಗೆ ಮೋಟರ್ ಹಚ್ಚಿ ಎಳೆಯುತ್ತಾರೆ. ಬೈಯೋಣವೆಂದರೆ ಯಾರನ್ನ?

ಅತ್ತೆ ಬಿಡುವವರಲ್ಲ. ನೀರು ಬಂದ ಕೂಡಲೇ ಗೋಡೆಗಳಿಗೆ ಕಿವಿಗೊಟ್ಟು ಬೀದಿ ಸುತ್ತುತ್ತಾರೆ. ಮೊನ್ನೆ ಒಂದು ಮನೆಯೊಳಗೆ ಗುರ್ ಅಂತ ಸದ್ದು. 'ಆಚೆ ಬಾರೇ, ನೀರು ಕಳ್ಳಿ!' ಅಂತ ಬಾಗಿಲು ಬಡಿದರು. ಆ ಹೆಂಗಸು ಮಿಕ್ಸಿ ಜಾರ್ ಹಿಡಿದುಕೊಂಡೇ ಬಂದಳು. ಒಳಗೆ ಕಾಯಿಚಟ್ನಿ. ಅತ್ತೆ ಒಂದು ಗಳಿಗೆ ಜಾರ್ ನೋಡಿದರು.

'ಒಂಚೂರು ಕೈಗೆ ಹಾಕು, ಉಪ್ಪು ನೋಡ್ತೀನಿ.'