ದಂಡ ಐವತ್ತು ಸಾವಿರ, ಜೈ ಜವಾನ್

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರಕ್ಕೆ 50,000 ರೂಪಾಯಿ ದಂಡ ಹಾಕಿದ್ದು ನಿಮಗೆ ನೆನಪಿರಬೇಕು. ಪಾಪ, ಸರ್ಕಾರ ಮಾಡಿದ ತಪ್ಪಾದರೂ ಏನು? ಕಾಶ್ಮೀರದ ಗಡಿಯಲ್ಲಿ, ಜನವರಿಯ ಚಳಿಯಲ್ಲಿ ಗಸ್ತಿಗೆ ಹೋಗಿ ಹೃದಯ ನಿಂತು ಸತ್ತ ಸೈನಿಕನ ಹೆಂಡತಿಗೆ ಜಾಸ್ತಿ ಪಿಂಚಣಿ ಕೊಡಲಾಗದು ಅಂತ ವಾದ ಮಾಡಿತ್ತು. ಅಷ್ಟೇ. ಅದೇ ವಾರ ಸಶಸ್ತ್ರ ಪಡೆಗಳ ಧ್ವಜ ದಿನ ಬೇರೆ. ಆಫೀಸುಗಳಲ್ಲಿ ಡಬ್ಬಿ ಹಿಡಿದು ಬಂದು, ಅಂಗಿಗೆ ಪುಟಾಣಿ ಬಾವುಟ ಚುಚ್ಚಿ ಹೋಗುತ್ತಾರಲ್ಲ, ಅದು.

ಕಡತದ ಕಸುಬು ನೋಡಿ, ಮೆಚ್ಚಲೇಬೇಕು. ಆತ ಸತ್ತಿದ್ದು 2013ರಲ್ಲಿ. ಮೊದಲು 'ಬ್ಯಾಟಲ್ ಕ್ಯಾಶುವಾಲ್ಟಿ', ಅಂದರೆ ಯುದ್ಧದಂಥ ಕೆಲಸದಲ್ಲಿ ಬಂದ ಸಾವು ಅಂತ ಬರೆದರು. ಆಮೇಲೆ ಯಾರಿಗೋ ಜ್ಞಾನೋದಯವಾಗಿ 'ಫಿಸಿಕಲ್ ಕ್ಯಾಶುವಾಲ್ಟಿ', ಅಂದರೆ ಸೇವೆಯಲ್ಲಿದ್ದಾಗ ಬಂದ ಮಾಮೂಲಿ ಸಾವು ಮಾಡಿದರು. ಸತ್ತವನು ಸತ್ತಲ್ಲೇ ಇದ್ದ, ಪಿಂಚಣಿ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯಿತು. 2019ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆಕೆಗೆ ಹೆಚ್ಚಿನ ಪಿಂಚಣಿ ಕೊಡಿ ಅಂದಿತು. ಕೊಟ್ಟು ಕೈ ತೊಳೆದುಕೊಳ್ಳೋದು ಬಿಟ್ಟು ದಿಲ್ಲಿಯವರು ಮೇಲ್ಮನವಿ ಹಾಕಿದರು. ಹಿಂದೆಯೂ ಹೀಗೇ. ಒಂದೇ ದರ್ಜೆ, ಒಂದೇ ಸೇವಾವಧಿಯ ಮಾಜಿ ಸೈನಿಕರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಅನ್ನುವ 'ಒನ್ ರ‍್ಯಾಂಕ್ ಒನ್ ಪೆನ್ಷನ್' ಬಾಕಿಯನ್ನು ಕಂತಿನಲ್ಲಿ ಕೊಡ್ತೀವಿ ಅಂತ ತಾವೇ ಪತ್ರ ಹೊರಡಿಸಿ, 2023ರಲ್ಲಿ ಎದುರಿನವರಿಗೆ ತೋರಿಸದ ಉತ್ತರವನ್ನು ಮುಚ್ಚಿದ ಲಕೋಟೆಯಲ್ಲಿ ಹಿಡಿದುಕೊಂಡು ಅದೇ ಕೋರ್ಟಿಗೆ ಹೋಗಿದ್ದರು. ನ್ಯಾಯಮೂರ್ತಿಗಳು ಲಕೋಟೆ ಮುಟ್ಟಲಿಲ್ಲ.

ಜನರ ಸೈನಿಕಪ್ರೇಮಕ್ಕೆ ಮಾತ್ರ ಕೊರತೆ ಇಲ್ಲ. ನಮ್ಮೂರುಗಳ ತುಂಬ ಮಿಲಿಟ್ರಿ ಹೋಟೆಲುಗಳಿವೆ. ಒಳಗೆ ಮುದ್ದೆ, ಕಾಲುಸೂಪು, ಬೋಟಿ ಎಲ್ಲ ಸಿಗುತ್ತೆ, ಮಿಲಿಟ್ರಿ ಒಂದು ಬಿಟ್ಟು. ಬೀದಿಗೊಬ್ಬರು ರಿಟೈರ್ಡ್ ಸುಬೇದಾರ್ ಮಾವ ಇದ್ದರಂತೂ ಡಿಸೆಂಬರ್ ಕೊನೇ ವಾರದಲ್ಲಿ ಎಂಥ ಗೌರವ! ವರ್ಷವಿಡೀ ಮುಖ ನೋಡದವನೂ ಗೇಟು ತೆಗೆದು ಒಳಗೆ ಬರುತ್ತಾನೆ. "ಮಾವ, ಆರೋಗ್ಯ ಹೇಗಿದೆ?" ಅಂತಾನೆ. ಎರಡು ನಿಮಿಷ ಸಿಯಾಚಿನ್ ಬಗ್ಗೆ ಕೇಳಿಸಿಕೊಳ್ಳುತ್ತಾನೆ. ಆಮೇಲೆ ದನಿ ತಗ್ಗಿಸಿ, "ಮಾವ, ಈ ತಿಂಗಳ ಕೋಟಾ ತಂದಾಯ್ತಾ?"

ಮಾಜಿ ಸೈನಿಕರಿಗೆ ಮಿಲಿಟ್ರಿ ಕ್ಯಾಂಟೀನಿನಲ್ಲಿ ಕೊಡುವ ಕೋಟಾ ರಮ್ ಸುಲಭವಾಗಿ ಸಿಗುವ ಸವಲತ್ತು. ಕಷ್ಟ ಇರೋದು ಮೈ ಹಾಳಾದವರಿಗೆ. ಸೇರುವಾಗ ಎದೆ ಅಳೆದು, ಕಣ್ಣು ಪರೀಕ್ಷಿಸಿ, ಓಡಿಸಿ, ಹಲ್ಲು ಎಣಿಸಿ 'ಫಿಟ್' ಅಂತ ಬರೆದುಕೊಂಡವರು ಇವರೇ. ಹದಿನೆಂಟು ವರ್ಷ ಹಿಮದಲ್ಲೂ ಮರಳಲ್ಲೂ ದುಡಿಸಿಕೊಂಡ ಮೇಲೆ ಬಿಪಿಯೋ ಸಕ್ಕರೆಯೋ ಬಂದರೆ, ಇದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ, ಅದಕ್ಕೇ ಅಂಗವೈಕಲ್ಯ ಪಿಂಚಣಿ ಇಲ್ಲ ಅಂತ ಷರಾ. ಹಾಗಾದರೆ ಎಲ್ಲಿಂದ ಬಂತು? ರಜೆಗೆ ಊರಿಗೆ ಬಂದಾಗ ಹೆಂಡತಿ ಮಾಡಿದ ಹೋಳಿಗೆಯಿಂದಲಾ? ಸೇರುವಾಗ ದಾಖಲಾಗಿರದ ಕಾಯಿಲೆಯಿಂದ ಮನೆಗೆ ಕಳಿಸಿದರೆ ಅದು ಸೇವೆಯಿಂದಲೇ ಬಂತು ಅಂತ ಭಾವಿಸಬೇಕು, ಅಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ ಅಂತ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಆಮೇಲೂ ಒಬ್ಬೊಬ್ಬರನ್ನೂ ಕೋರ್ಟಿಗೆ ಎಳೆದಾಡುತ್ತಾರೆ. ಮಂಡಿ ಸವೆದವನು ಮೆಟ್ಟಿಲು ಹತ್ತಬೇಕು.

ನಗೋಕೂ ಸುಸ್ತಾಗುತ್ತೆ ಕಣ್ರೀ. ಗಂಡ ಹೋಗಿ ಹನ್ನೊಂದು ವರ್ಷ ಆದಮೇಲೂ ಒಬ್ಬ ಹೆಂಗಸು ದೇಶದ ಅತಿ ದೊಡ್ಡ ಕೋರ್ಟಿನಲ್ಲಿ, ತನ್ನದೇ ಸರ್ಕಾರದ ಎದುರು ನಿಲ್ಲಬೇಕಾಯಿತು. ನಾಚಿಕೆ ಆಗಬೇಕಿತ್ತು. ದಂಡ ಕಟ್ಟೋದು ಸರ್ಕಾರ, ಅಂದರೆ ನಾವು ನೀವು. ಆ ಮೇಲ್ಮನವಿಗೆ ಒಪ್ಪಿಗೆ ಬರೆದವರೂ ಮುಂದೊಂದು ದಿನ ನಿವೃತ್ತರಾಗುತ್ತಾರೆ. ಅವರ ಪಿಂಚಣಿ ತಡೆಯಿರಿ ಅಂತ ಯಾರೂ ಸುಪ್ರೀಂ ಕೋರ್ಟಿಗೆ ಹೋಗೋದಿಲ್ಲ.