ಸೊಂಟದ ಪಿಸ್ತೂಲು, ಅಂಗಿಯ ಪಾಡು

ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ, ಕಾನೂನಿನ ಬೇರೆ ಅಡ್ಡಿಯಿಲ್ಲದ ಯಾರೇ ಆದರೂ ಪರವಾನಗಿ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ಕಾನೂನನ್ನು ಸರ್ಕಾರ ಸಡಿಲಿಸಿತು. ಪ್ಯಾಂಟನ್ನು ಸಡಿಲಿಸುವ ಜವಾಬ್ದಾರಿ ಮಾತ್ರ ಅವರವರದೇ. ಅಂಗಿಯಡಿ ಕಾಣದಂತೆ ಬಚ್ಚಿಡುವವರ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಪ್ಯಾಂಟಿನ ಒಳಗೆ ಕೂರುವುದರಿಂದ 34ರ ಸೊಂಟದವರು 36 ಕೊಳ್ಳಬೇಕು.

ಎಚ್-1ಬಿ ವೀಸಾದಲ್ಲಿರುವ ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ತಾಪತ್ರಯವಿಲ್ಲ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಗ್ರೀನ್ ಕಾರ್ಡ್ ಬರುವ ತನಕ ನೆಮ್ಮದಿಯಾಗಿ ಇನ್‌ಶರ್ಟ್ ಮಾಡಬಹುದು.

ಹೊಸಬರು ಗಿಡ್ಡ ನಳಿಗೆಯ ಪಿಸ್ತೂಲಿಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. ಆದರೆ ನಳಿಗೆ ಪ್ಯಾಂಟಿನೊಳಗೆ ತೆಪ್ಪಗೆ ಬಿದ್ದಿರುತ್ತದೆ, ಮಾನ ಕಳೆಯುವುದು ಹಿಡಿ. ಬೆಲ್ಟಿನ ಮೇಲೆ ಕತ್ತೆತ್ತಿ ಅಂಗಿಯನ್ನು ಡೇರೆ ಮಾಡುವುದು ಅದೇ. ಸೊಂಟದ ಬಲಗಡೆ, ತುಸು ಹಿಂದಕ್ಕೆ ಕಟ್ಟಿದವರು ಬಗ್ಗಿದ ಕೂಡಲೇ ಹಿಡಿ ಬೆನ್ನ ಮೇಲೆ ಗೂನಿನಂತೆ ಏಳುತ್ತದೆ. ಹೋಲ್‌ಸ್ಟರನ್ನು ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿಸಿದರೆ ಅರ್ಧ ಬಗೆಹರಿಯುತ್ತದೆ. ಉಳಿದರ್ಧಕ್ಕೆ ಬಿದ್ದ ನಾಣ್ಯ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಬೇಕು.

ಹೊಟ್ಟೆಯ ಮುಂದೆ ಕಟ್ಟುವವರಿಗೆ ಹೊಟ್ಟೆಯೇ ವಿರೋಧ ಪಕ್ಷ. ಕೂತಾಗ ಅದು ಹಿಡಿಯನ್ನು ಹೊರಕ್ಕೆ ದಬ್ಬುತ್ತದೆ. ಹೋಲ್‌ಸ್ಟರಿನ ಕೆಳತುದಿಗೆ, ಮೈಯ ಕಡೆ, ಫೋಮಿನ ಬೆಣೆ ಅಂಟಿಸಿದರೆ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಪಕ್ಕದಲ್ಲೊಂದು ಪುಟ್ಟ ಕೊಕ್ಕೆ ಬೆಲ್ಟಿನ ಒಳಮೈಗೆ ಒತ್ತಿಕೊಂಡು ಹಿಡಿಯನ್ನು ಮೈಗೆ ತಿರುಗಿಸುತ್ತದೆ. ಇಷ್ಟಾದರೂ ಸೀಟ್ ಬೆಲ್ಟ್ ಹಾಕುವಾಗ ಮುಖದಲ್ಲಿ ಮೂಡುವ ಭಾವಕ್ಕೆ ಯಾವ ಬೆಣೆಯೂ ಇಲ್ಲ.

ಗುಂಡು ತುಂಬಿದ ಗ್ಲಾಕ್ 19 ಪಿಸ್ತೂಲು ಹತ್ತಿರ ಹತ್ತಿರ 850 ಗ್ರಾಂ ತೂಗುತ್ತದೆ. ಆಫೀಸಿನ ತೆಳು ಬೆಲ್ಟಿಗೆ ಅದನ್ನು ಹೊರಿಸಿದರೆ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟ್ ಒಂದು ಕಡೆಗೆ ವಾಲುತ್ತದೆ, ಕೈ ಹತ್ತು ಹೆಜ್ಜೆಗೊಮ್ಮೆ ಅದನ್ನು ಎಳೆಯುತ್ತದೆ. ನೋಡುವವರಿಗೆ ಅಂಗಿಯ ಉಬ್ಬು ಕಾಣದಿದ್ದರೂ ಈ ಎಳೆದಾಟ ಕಂಡೇ ಕಾಣುತ್ತದೆ. ಒಂದೂವರೆ ಇಂಚು ಅಗಲದ, ಬಗ್ಗದ ಬೆಲ್ಟು ಪಿಸ್ತೂಲಿಗಿಂತ ಮೊದಲೇ ಕೊಳ್ಳಬೇಕಾದದ್ದು.

ಅಂಗಿಗಳಲ್ಲಿ ತೆಳು ಬಿಳಿ ಹತ್ತಿಯದು ಮಹಾ ಚಾಡಿಕೋರ. ಚೌಕಳಿ, ಹೂವಿನ ಅಚ್ಚು, ಗಾಢ ಬಣ್ಣ ಇವು ಉಬ್ಬನ್ನು ಒಡೆದು ಮುಚ್ಚುತ್ತವೆ. ಒಂದೇ ಸೈಜು ದೊಡ್ಡದು ಸಾಕು. ಎರಡು ಸೈಜಾದರೆ ಅಣ್ಣನ ಅಂಗಿ ತೊಟ್ಟ ತಮ್ಮ. ಕನ್ನಡಿ ಮುಂದೆ ಎರಡೂ ಕೈ ಮೇಲೆತ್ತಿ ನೋಡಿ: ಅಂಚು ಬೆಲ್ಟಿಗಿಂತ ಮೇಲೇರಿದರೆ ಅಂಗಡಿಯ ಮೇಲಿನ ಶೆಲ್ಫಿನ ಓಟ್ಸ್ ನಿಮ್ಮ ಪಾಲಿಗಿಲ್ಲ. ಜಾಕೆಟ್ ಇದಕ್ಕೆ ಉತ್ತರವಲ್ಲ, ಆಗಸ್ಟ್‌ನ ಹ್ಯೂಸ್ಟನ್‌ನಲ್ಲಿ ಜಾಕೆಟ್ಟೇ ಮೊದಲ ಅನುಮಾನ. ಚಳಿಗಾಲದಲ್ಲಿ ಅದರ ಲಾಡಿಯ ಬಗ್ಗೆಯೂ ಎಚ್ಚರ ಬೇಕು. ಪಿಸ್ತೂಲನ್ನು ಹೋಲ್‌ಸ್ಟರಿಗೆ ವಾಪಸ್ ಇಳಿಸುವಾಗ ಲಾಡಿಯ ಗುಂಡಿಯೋ ಅಂಗಿಯ ಚುಂಗೋ ಟ್ರಿಗರಿನ ಬಳೆಯೊಳಗೆ ಸಿಕ್ಕಿದರೆ ಅದೇ ಬೆರಳಿನ ಕೆಲಸ ಮಾಡುತ್ತದೆ. ಅಂಗಿಯನ್ನು ಪೂರ್ತಿ ಎತ್ತಿ, ಕಣ್ಣಿಟ್ಟು, ನಿಧಾನವಾಗಿ ಇಳಿಸುವುದೊಂದೇ ದಾರಿ.

ಇನ್ನೊಂದು ಜಾತಿಯವರು ಪಿಸ್ತೂಲನ್ನು ಒಂದಿಷ್ಟೂ ಕಾಣದಂತೆ ಬಚ್ಚಿಡುತ್ತಾರೆ. ಮೇಲೆ ಮಾತ್ರ ಹನ್ನೆರಡು ಜೇಬಿನ ಫೋಟೋಗ್ರಾಫರ್ ವೇಸ್ಟ್‌ಕೋಟು, ತಲೆಗೆ ಪಿಸ್ತೂಲು ಕಂಪನಿಯ ಟೋಪಿ. ಕೊರಳಲ್ಲಿ ಕ್ಯಾಮೆರಾ ಇರುವುದಿಲ್ಲ.

ಹೋಲ್‌ಸ್ಟರೇ ಬೇಡವೆನ್ನುವವರಿಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೋ ಬರೆಸ್ ನೆನಪಿರಲಿ. 2008ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ಬಿನಲ್ಲಿ ಅವರ ಪ್ಯಾಂಟಿನ ಸೊಂಟಕ್ಕೆ ಸುಮ್ಮನೆ ಸಿಕ್ಕಿಸಿದ್ದ ಪಿಸ್ತೂಲು ಜಾರಿತು, ಗುಂಡು ಅವರ ತೊಡೆಗೇ ಹೊಕ್ಕಿತು. ಆಮೇಲೆ ಜೈಲೂ ಆಯಿತು. ಬ್ಯಾಗಿನಲ್ಲಿಡುವವರ ಕಷ್ಟ ಮರೆವು: 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಸಿಕ್ಕ ಬಂದೂಕುಗಳು 6,737, ಬಹುಪಾಲು ಗುಂಡು ತುಂಬಿದವು.

ನಿಜವಾದ ಅಗ್ನಿಪರೀಕ್ಷೆ ಟಾಯ್ಲೆಟ್ಟಿನದು. ಅಲ್ಲಿನ ಸಾರ್ವಜನಿಕ ಟಾಯ್ಲೆಟ್ಟುಗಳ ಅಡ್ಡಗೋಡೆ ಸಾಮಾನ್ಯವಾಗಿ ನೆಲ ಮುಟ್ಟುವುದಿಲ್ಲ. ಬೆಲ್ಟ್ ಬಿಚ್ಚಿದೊಡನೆ 850 ಗ್ರಾಂ ಧೊಪ್ಪೆಂದು ಬಿದ್ದರೆ ಪಕ್ಕದವರ ಬೂಟುಗಳು ಗಾಬರಿಯಿಂದ ಮೇಲೇಳುತ್ತವೆ. ಪಿಸ್ತೂಲು ಹೋಲ್‌ಸ್ಟರಿನಲ್ಲೇ ಇರಲಿ. ಪ್ಯಾಂಟನ್ನು ಮಂಡಿಗೆ ಇಳಿಸಿ, ಅಲ್ಲೇ ಬೆಲ್ಟನ್ನು ಮತ್ತೆ ಬಿಗಿದು, ಮಂಡಿ ಅಗಲಿಸಿ ಕೂರಬೇಕು. ಕೊಕ್ಕೆಗೆ ನೇತುಹಾಕುವುದು, ಪೇಪರ್ ಸುರುಳಿಯ ಡಬ್ಬದ ಮೇಲಿಡುವುದು ಬೇಡವೇ ಬೇಡ. ಫೋನ್ ನೋಡುತ್ತ ಕೂತವರು ಎದ್ದಾಗ ಫೋನೊಂದನ್ನೇ ಎತ್ತಿಕೊಂಡು ಹೋಗುತ್ತಾರೆ.