ಮಾತು ಮುಗೀತಾ? ಈಗ ದಾಳ ಹಾಕಿ

ಮೂರು ಬಿತ್ತು. ಇಪ್ಪತ್ತು ಮುಖದ ದಾಳ, ಅದರಲ್ಲಿ ಮೂರು. ಅದರಿಂದಲೂ ಒಂದು ಕಳೆಯಬೇಕಂತೆ, ಹಾಗಾಗಿ ಎರಡು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡಿ ಅಂಡ್ ಡಿ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವುದು, ಅದು ಫಲಿಸಿತೋ ಇಲ್ಲವೋ ಅಂತ ದಾಳ ಹೇಳುವುದು. ಕೋಟೆ ಬಾಗಿಲ ಕಾವಲುಗಾರ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ ಅಂತ ಡಿ.ಎಂ., ಅಂದರೆ ಕಥೆ ನಡೆಸುವ ಡಂಜನ್ ಮಾಸ್ಟರ್, ಹೇಳಿಬಿಟ್ಟರು.

ಸೊಪ್ಪು ಹಾಕಲಿಲ್ಲ ಅಂದರೆ? ನಾನೇನು ಬಾಯಿಗೆ ಬಂದದ್ದು ಹೇಳಿರಲಿಲ್ಲ. ಆ ಕಾವಲುಗಾರನಿಗೆ ಅವನ ತಾಯಿಯ ನೆನಪು ಮಾಡಿದ್ದೆ. ರಾಜನ ಉಪ್ಪು ತಿಂದ ಋಣ ಬೇರೆ, ರಾತ್ರಿ ಹಸಿದು ಬಂದವರಿಗೆ ಬಾಗಿಲು ತೆಗೆಯುವ ಧರ್ಮ ಬೇರೆ, ಎರಡರಲ್ಲಿ ಯಾವುದು ಹಿರಿದು ನೀನೇ ಹೇಳಪ್ಪ ಅಂತ ಕೇಳಿದ್ದೆ, ಅದೂ ಇಂಗ್ಲಿಷಿನಲ್ಲಿ. ಮೇಜಿನ ಸುತ್ತ ಕೂತವರು ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದ್ದರು. ಡಿ.ಎಂ. ಕೂಡ ಪೆನ್ಸಿಲ್ ಕೆಳಗಿಟ್ಟು ಕೇಳಿದರು. ಎಲ್ಲ ಮುಗಿದ ಮೇಲೆ, 'ತುಂಬಾ ಚೆನ್ನಾಗಿತ್ತು, ಈಗ ದಾಳ ಹಾಕಿ' ಅಂದರು.

ನನ್ನ ಪಕ್ಕದಲ್ಲಿ ಒಬ್ಬ ನಾಚಿಕೆ ಹುಡುಗ. ಕಾಲೇಜು ಮೆಟ್ಟಿಲು ಹತ್ತಿದ್ದಾನೋ ಇಲ್ಲವೋ ಅನ್ನುವ ವಯಸ್ಸು. ಅವನದು ಬಾರ್ಡ್ ಪಾತ್ರ, ಊರೂರು ತಿರುಗಿ ಹಾಡುವವನು. ಅವನು ತಲೆ ಎತ್ತದೆ, 'ನಾನು, ಅದೇ, ಅವನನ್ನ ಒಪ್ಪಿಸ್ತೀನಿ' ಅಂದ. ಅಷ್ಟೇ. ದಾಳದಲ್ಲಿ ಹದಿನಾಲ್ಕು, ಅದಕ್ಕೆ ಐದು ಸೇರಿಸಿ ಹತ್ತೊಂಬತ್ತು. ಬಾಗಿಲು ತೆರೆಯಿತು. ಕಾವಲುಗಾರ ಅವನಿಗೆ ಬಿಸಿ ಸೂಪ್ ಕೂಡ ಕೊಟ್ಟನಂತೆ.

ಇಷ್ಟಾದರೂ ಪ್ರತಿ ಬುಧವಾರ ಅಲ್ಲಿಗೆ ಯಾಕೆ ಹೋಗುತ್ತೀಯ ಅಂತ ನಮ್ಮನೆಯವರು ಕೇಳುತ್ತಾರೆ. ಅದಕ್ಕೊಂದು ಉತ್ತರ ಇದೆ, ಹೇಳುತ್ತೇನೆ. ಮೊದಲು ಈ ಹೊಟ್ಟೆಯುರಿ ಮುಗಿಸಿಬಿಡುತ್ತೇನೆ.

ನಾನು ಆಡಲು ಹೋದವಳೇ ಅಲ್ಲ. ಆಡುವವನು ಮಗ. ಮಿಲ್ವಾಕಿ ಹೊರವಲಯದ ನಮ್ಮ ಬಡಾವಣೆಯಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ಟ್ಯಾಕ್ಸ್ ತುಂಬಿಕೊಡುವ ಆಫೀಸಿಗೂ ನಡುವೆ ಒಂದು ಗೇಮ್ ಅಂಗಡಿ ಇದೆ. ಹದಿಮೂರರ ಒಳಗಿನ ಮಕ್ಕಳ ಜೊತೆ ದೊಡ್ಡವರು ಒಬ್ಬರು ಇರಬೇಕು ಅಂತ ಅವರ ನಿಯಮ. ನನ್ನ ಮಗನಿಗೆ ಹನ್ನೆರಡು. ಹಾಗಾಗಿ ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುವುದು, ಅವನು ಇನ್ನೊಂದು ತುದಿಯ ಟೇಬಲ್ಲಿನಲ್ಲಿ ನನ್ನ ಪರಿಚಯವೇ ಇಲ್ಲದವನ ಹಾಗೆ ಇರುವುದು, ಇದು ನಮ್ಮಿಬ್ಬರ ಒಪ್ಪಂದ. ಒಂದು ಬುಧವಾರ ಒಂದು ಟೇಬಲ್ಲಿಗೆ ಇಬ್ಬರೇ ಬಂದಿದ್ದರು. ಅಂಗಡಿ ಅಂಗಡಿಗಳಲ್ಲಿ ಈ ಆಟವನ್ನು ಒಂದೇ ನಿಯಮದಲ್ಲಿ ಆಡಿಸುವ ಅಡ್ವೆಂಚರರ್ಸ್ ಲೀಗ್ ಲೆಕ್ಕದಲ್ಲಿ ಡಿ.ಎಂ. ಬಿಟ್ಟು ಕಡಿಮೆ ಅಂದರೆ ಮೂವರು ಬೇಕು, ಏಳರ ಮೇಲೆ ಇರಬಾರದು. ಡಿ.ಎಂ. ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ. ಅವರು ಕುರ್ಚಿ ಎಳೆದರು.

ಪುಸ್ತಕ ಕೊಳ್ಳಬೇಕಿಲ್ಲ, ದಾಳ ತರಬೇಕಿಲ್ಲ, ಏನೂ ಗೊತ್ತಿರಬೇಕಿಲ್ಲ, ಸುಮ್ನೆ ಬಂದು ಕೂತರೆ ಸಾಕು ಅಂದರು. ಸುಳ್ಳಲ್ಲ. ಹೊಸಬರಿಗೆ ಅಂತಲೇ ತುಂಬಿಟ್ಟ ಪಾತ್ರದ ಹಾಳೆಗಳು ಅಂಗಡಿಯಲ್ಲಿರುತ್ತವೆ. ಮೂಲ ನಿಯಮಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನನಗೆ ಸಿಕ್ಕಿದ್ದು ಒಬ್ಬಳು ಡ್ವಾರ್ಫ್ ಯೋಧೆ. ಕುಳ್ಳಿ, ದಪ್ಪ ಕೊಡಲಿ, ಶಕ್ತಿ ಹದಿನೈದರ ಮೇಲೆ. ಕರಿಸ್ಮಾ, ಅಂದರೆ ಮಾತಿನಿಂದ ಒಲಿಸುವ ಗುಣ, ಬರೀ ಎಂಟು. ಎಂಟು ಅಂದರೆ ಬಾಯಿ ತೆಗೆದಾಗಲೆಲ್ಲ ಒಂದು ಅಂಕ ಕಳೆಯಬೇಕು. ಇದನ್ನು ಆಗ ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಆ ಕಾವಲುಗಾರನ ಹತ್ತಿರ ಋಣ-ಧರ್ಮ ಎತ್ತುತ್ತಲೇ ಇರಲಿಲ್ಲ, ಕೊಡಲಿ ಎತ್ತುತ್ತಿದ್ದೆ.

ನನ್ನ ಸಿಟ್ಟು ಅರ್ಥವಾಗಬೇಕಾದರೆ ನಮ್ಮೂರಿನ ತಾಳಮದ್ದಲೆ ಹೇಳಲೇಬೇಕು. ನಮ್ಮದು ಸಿದ್ದಾಪುರದ ಕಡೆ. ಮಳೆಗಾಲದಲ್ಲಿ ಬಯಲಾಟದ ಮೇಳಗಳು ನಿಂತ ಮೇಲೆ ಮನೆಯ ಜಗಲಿಗಳಲ್ಲಿ, ದೇವಸ್ಥಾನದ ಚಂದ್ರಶಾಲೆಗಳಲ್ಲಿ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಬಣ್ಣ ಇಲ್ಲ. ಪಂಚೆ ಉಟ್ಟ ನಾಲ್ಕು ಜನ ಎದುರುಬದುರು ಕೂತು ಒಬ್ಬ ರಾಮ, ಒಬ್ಬ ವಾಲಿ, ಒಬ್ಬ ಸುಗ್ರೀವ. ನಡುವೆ ಭಾಗವತರು ಪದ್ಯ ಹೇಳಿ ಕಥೆ ಮುಂದಕ್ಕೆ ತಳ್ಳುತ್ತಾರೆ, ಇವರು ಅರ್ಥ ಹೇಳುತ್ತಾರೆ. ಮಾತು ಯಾರೂ ಬರೆದುಕೊಡುವುದಿಲ್ಲ. ಆ ಕ್ಷಣಕ್ಕೆ ಹುಟ್ಟಬೇಕು. ಡಿ.ಎಂ. ಅಂದರೆ ಭಾಗವತರು ಅಂತ ನನಗೆ ಮೊದಲ ಅರ್ಧ ಗಂಟೆಯಲ್ಲೇ ಹೊಳೆದಿತ್ತು, ಅಷ್ಟಕ್ಕೇ ನಾನು ಹಿಗ್ಗಿದ್ದೆ.

ನಮ್ಮ ಅಪ್ಪಯ್ಯ ವಾಲಿ. ಅಡಿಕೆ ತೋಟದ ಕೆಲಸದ ನಡುವೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ಹಾಕಿಕೊಂಡು, ಟೇಪು ಎಳೆದು ರಾಗವಾಗುವವರೆಗೂ ಕೇಳಿ ತಯಾರಾದ ವಾಲಿ. ಒಂದು ಆಷಾಢದಲ್ಲಿ ನಮ್ಮ ಜಗಲಿಯಲ್ಲೇ 'ವಾಲಿವಧೆ' ಇಟ್ಟುಕೊಂಡಿದ್ದರು. ರಾಮನ ಪಾತ್ರಕ್ಕೆ ಶಾಲೆಗೆ ಹೊಸದಾಗಿ ಬಂದಿದ್ದ ಮಾಸ್ತರು. ಬಯಲುಸೀಮೆಯವರು, ಪುಸ್ತಕ ಓದಿದವರು, ಆದರೆ ಎದುರಿಗೆ ಅಪ್ಪಯ್ಯ ಅಂತ ಯಾರೂ ಅವರಿಗೆ ಎಚ್ಚರ ಹೇಳಿರಲಿಲ್ಲ. ಬಾಣ ಬಿತ್ತು. ವಾಲಿ ನೆಲಕ್ಕುರುಳಿದ. ಉರುಳಿದವನು ಸಾಯಬೇಕಲ್ಲ, ಸಾಯಲಿಲ್ಲ, ಪಕ್ಕದ ಬಟ್ಟಲಿನಿಂದ ಒಂದು ಕವಳ ಹಾಕಿಕೊಂಡು ಕೇಳಲು ಶುರುಮಾಡಿದ. ರಾಮಾ, ನೀನು ನನ್ನನ್ನು ಹೊಡೆದದ್ದು ಯಾಕೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ ಅಂತಲೋ? ಸರಿ. ಹಾಗಾದರೆ ಮರದ ಮರೆಯಿಂದ ಹೊಡೆದದ್ದು ಯಾಕೆ? ನಾನು ಮೃಗ, ಮೃಗವನ್ನು ಬೇಟೆಯಾಡಲು ಮರೆ ತಪ್ಪಲ್ಲ ಅಂತಲೋ? ಅದೂ ಸರಿ. ಆದರೆ ನಾನು ಮೃಗವಾದರೆ ಮೃಗಕ್ಕೆ ತಮ್ಮನ ಹೆಂಡತಿಯ ಧರ್ಮ ಎಲ್ಲಿಂದ ಬಂತು? ಧರ್ಮ ಗೊತ್ತಿರುವವನಾದರೆ ಎದುರು ಬಂದು ಹೊಡೆಯಲಿಲ್ಲ ಯಾಕೆ? ಎರಡರಲ್ಲಿ ಒಂದು ಹೇಳು, ನಾನು ಸುಖವಾಗಿ ಸಾಯುತ್ತೇನೆ.

ಮಾಸ್ತರು ಎರಡನ್ನೂ ಹೇಳಿದರು. ಅಪ್ಪಯ್ಯ ಬಿಡಲಿಲ್ಲ. ಗಂಟೆ ಒಂದಾಯಿತು, ಎರಡಾಯಿತು. ಕರೆಂಟ್ ಹೋಗಿ ಲಾಟೀನು ಬಂತು. ಅಮ್ಮ ಮೂರನೇ ಸಲ ಕಷಾಯ ಕಾಯಿಸಿದಳು. ಭಾಗವತರು ರಾಮನನ್ನು ಉಳಿಸಲು ಮುಂದಿನ ಪದ್ಯ ಎತ್ತಿದರೆ ಅಪ್ಪಯ್ಯ ಕೈ ಅಡ್ಡ ಹಿಡಿದು, 'ಭಾಗವತರೇ, ತಡೆಯಿರಿ, ಉತ್ತರ ಬರಲಿ' ಅಂದರು. ಹೊರಗೆ ಜಡಿಮಳೆ. ಕಡೆಗೆ ಮಾಸ್ತರು ಬೆನ್ನು ನೆಟ್ಟಗೆ ಮಾಡಿ, ಅಚ್ಚ ರಾಮನ ಗಾಂಭೀರ್ಯದಲ್ಲಿ, 'ವಾಲಿ, ನಿನ್ನ ಪ್ರಶ್ನೆ ದೊಡ್ಡದು. ಆದರೆ ಹೊಳೆಯ ನೀರು ಏರುತ್ತಿದೆ. ನೀನು ಈಗ ಸಾಯದಿದ್ದರೆ ಸಂಕ ಮುಳುಗುತ್ತದೆ, ಕೇಳಲು ಬಂದ ಪ್ರಜೆಗಳು ಮನೆ ಸೇರುವುದಿಲ್ಲ. ಪ್ರಜೆಗಳ ಹಿತಕ್ಕೆ ನಾನು ಏನನ್ನು ಬೇಕಾದರೂ ಬಿಡುವವನು, ನೀನು ಪ್ರಾಣ ಬಿಡಲಾರೆಯಾ?' ಅಂದರು. ಅಪ್ಪಯ್ಯ ಬಾಯಲ್ಲಿದ್ದ ಕವಳ ಉಗಿದು ಬಂದು, ಮಾಸ್ತರ ಕೈ ಹಿಡಿದು, 'ಇದು ಉತ್ತರ' ಅಂದು ಸತ್ತರು. ಆಮೇಲೆ ಎಷ್ಟೋ ವರ್ಷ ಅವರಿಬ್ಬರದೇ ಜೋಡಿ.

ಅಲ್ಲಿ ಮಾಸ್ತರು ಮಾತಾಡಿ ಮುಗಿಸಿದ ಮೇಲೆ ಯಾರಾದರೂ 'ತುಂಬಾ ಚೆನ್ನಾಗಿತ್ತು, ಈಗ ದಾಳ ಹಾಕಿ' ಅಂದಿದ್ದರೆ ಅವರನ್ನು ಆ ಮಳೆಗೇ ನೂಕುತ್ತಿದ್ದರು.

ನಾನು ಇದನ್ನೆಲ್ಲ ಟೇಬಲ್ಲಿನಲ್ಲಿ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ, ಡಿ.ಎಂ. ಎರಡು ಸಲ ಗಡಿಯಾರ ನೋಡಿದರು. ನಮ್ಮ ಟೇಬಲ್ಲಿನ ಮೂರನೆಯವರು ಒಬ್ಬ ಗಡ್ಡದವರು. ನಿಯಮದ ಪುಸ್ತಕ ಪೂರ್ತಿ ಬಾಯಿಪಾಠ. ಯಾವ ಪುಟದಲ್ಲಿದೆ ಅಂತ ಹೇಳದೆ ಅವರು ನೀರನ್ನೂ ಕುಡಿಯುವುದಿಲ್ಲ. ಇಂಥವರು ಪ್ರತಿ ಅಂಗಡಿಗೂ ಒಬ್ಬರಾದರೂ ಇರುತ್ತಾರಂತೆ, ಬಾಡಿಗೆಗೆ ಬರುತ್ತಾರೋ ಏನೋ. ಅವರು ನಾಚಿಕೆ ಹುಡುಗನ ಕಡೆ ಬೆರಳು ಮಾಡಿ, 'ಇವನ ಪಾತ್ರ ಬಂಡೆ ಎತ್ತಬೇಕಾದರೆ, ಮೊದಲು ಈ ಮೇಜು ಎತ್ತಿ ತೋರಿಸು ಅನ್ನುತ್ತೇವೆಯೇ? ಮತ್ತೆ ಅವನ ಪಾತ್ರ ಮಾತಾಡಬೇಕಾದರೆ ಅವನಿಗೇ ಮಾತು ಬರಬೇಕು ಅನ್ನುವುದು ಯಾವ ನ್ಯಾಯ?' ಅಂದರು.

ಅಪ್ಪಯ್ಯನಾಗಿದ್ದರೆ ಏನಾದರೂ ಹೇಳುತ್ತಿದ್ದರು. ನಾನು ಚಿಪ್ಸ್ ತಿಂದೆ. ಅವರ ಮಾತು ನ್ಯಾಯವೇ. ಹಾಗಂತ ನನ್ನ ಸಿಟ್ಟು ಇಳಿಯಿತಾ? ಇಲ್ಲ. ಊರಲ್ಲಿ ಮಾತು ಬಾರದವರು ಜಗಲಿಯ ಕೆಳಗೆ ಕಂಬಳಿ ಹೊದ್ದು ಕೇಳುತ್ತಿದ್ದರು, ಅವರಿಗೆ ಯಾರೂ ಪಾತ್ರ ಕೊಡುತ್ತಿರಲಿಲ್ಲ ಅನ್ನುವುದೂ ನಿಜ. ಹೆಂಗಸರಿಗಂತೂ ಕಷಾಯದ ಪಾತ್ರವೇ. ಅದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಕೇಳಬೇಡಿ.

ಮುಂದಿನ ಸಲ ಡಿ.ಎಂ. ನನ್ನ ಮೇಲೆ ಕರುಣೆ ತೋರಿಸಿದರು. ಮಾತು ಚೆನ್ನಾಗಿದ್ದರೆ ಅಡ್ವಾಂಟೇಜ್ ಕೊಡಬಹುದು, ಅಂದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು. ನಾನು ಒಬ್ಬಳು ಮಾಟಗಾತಿಗೆ ಮುದುಕಿಯರ ಕಷ್ಟಸುಖ ಮಾತಾಡಿ ಕಣ್ಣಲ್ಲಿ ನೀರು ಬರಿಸಿದೆ. ಎರಡು ದಾಳ ಹಾಕಿದೆ. ನಾಲ್ಕು, ಮತ್ತೆ ಆರು.

ಇನ್ನು ಆ ಲಾಗ್ ಶೀಟ್. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ಹಾಳೆ ತುಂಬಬೇಕು. ಯಾವ ಸಾಹಸ, ಯಾವ ತಾರೀಕು, ಡಿ.ಎಂ. ಹೆಸರೇನು, ಎಷ್ಟು ಚಿನ್ನ ಬಂತು, ಎಷ್ಟು ಖರ್ಚಾಯಿತು, ಮಂತ್ರದ ವಸ್ತು ಏನಾದರೂ ಸಿಕ್ಕಿತಾ. ಗವಿಯಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಓಡಿ ಬಂದವರು ಅರ್ಧ ಗಂಟೆ ಗುಮಾಸ್ತರಾಗುತ್ತಾರೆ. ಯಾಕೆ ಅಂದರೆ ಇದು ಲೀಗ್. ನಿಯಮ ಎಲ್ಲ ಕಡೆ ಒಂದೇ, ಆದ್ದರಿಂದ ಇಲ್ಲಿ ಬೆಳೆಸಿದ ಪಾತ್ರವನ್ನು ಬೇರೆ ರಾಜ್ಯದ ಅಂಗಡಿಗೂ ಒಯ್ದು ಅಪರಿಚಿತರ ನಡುವೆ ಕೂತು ಆಡಬಹುದು, ಹಾಳೆ ತೋರಿಸಿದರೆ ಸಾಕು. ಈ ಲೀಗ್ ಶುರುವಾದದ್ದು 2014ರಲ್ಲಿ. ಅದಕ್ಕೂ ಮೊದಲು 1980ರಲ್ಲೇ ಆರ್‌ಪಿಜಿಎ ಅನ್ನುವ ಸಂಘ ಕಟ್ಟಿ ಇದೇ ಕೆಲಸ ನಡೆಸಿದ್ದರಂತೆ. ಆಟ ಹುಟ್ಟಿದ್ದೂ ನಮ್ಮ ವಿಸ್ಕಾನ್ಸಿನ್‌ನಲ್ಲೇ. ಮನೆಯಿಂದ ಒಂದು ಗಂಟೆ ದಾರಿಯ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಇದ್ದರು. ಪಕ್ಕದ ಮಿನೆಸೋಟದ ಡೇವ್ ಆರ್ನೆಸನ್ ಜೊತೆ ಸೇರಿ 1974ರಲ್ಲಿ ಮೊದಲ ಡಿ ಅಂಡ್ ಡಿ ಡಬ್ಬ ಹೊರತಂದರು. ಮೊದಲ ಮುದ್ರಣ 1000 ಪ್ರತಿ. ಅದಕ್ಕೂ ಆರು ವರ್ಷ ಮೊದಲು, 1968ರಲ್ಲಿ, ಅದೇ ಊರಿನ ಹಾರ್ಟಿಕಲ್ಚರಲ್ ಹಾಲ್‌ನಲ್ಲಿ ಗೈಗ್ಯಾಕ್ಸ್ ಶುರುಮಾಡಿದ ಜೆನ್ ಕಾನ್ ಜಾತ್ರೆ ಈಗ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತದೆ. ಇಷ್ಟು ವರ್ಷದಲ್ಲಿ ಯಾರಿಗೂ ನಾಲ್ಕು ಗಂಟೆ ಕೂರಬಹುದಾದ ಒಂದು ಕುರ್ಚಿ ಮಾಡಬೇಕು ಅನ್ನಿಸಲಿಲ್ಲ ನೋಡಿ. ಕಬ್ಬಿಣದ ಮಡಚುವ ಕುರ್ಚಿಯ ಮೇಲೆ ಕೂತು ಎಂಥ ಡ್ರ್ಯಾಗನ್ ಕೊಂದರೂ ಮರುದಿನ ಸೊಂಟ ಹಿಡಿಯುತ್ತದೆ.

ಟೇಬಲ್ಲಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಅದು ಅಂಗಡಿಯವರ ದೊಡ್ಡತನ. ಅವರ ಹೊಟ್ಟೆ ತುಂಬುವುದು ಮುಂದಿನ ಕೌಂಟರಿನಲ್ಲಿ ಮಾರುವ, 'ಮ್ಯಾಜಿಕ್' ಅನ್ನುವ ಇನ್ನೊಂದು ಆಟದ ಇಸ್ಪೀಟಿನಿಂದ. ಪುಕ್ಕಟೆ ಕೂತವರು ಏನಾದರೂ ಕೊಳ್ಳುವುದು ಮರ್ಯಾದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ನಾನೂ ಒಂದು ದಾಳದ ಸೆಟ್ ಕೊಂಡೆ. ಏಳು ದಾಳ, ನೇರಳೆ ಬಣ್ಣ, ಒಳಗೆ ಮಿಂಚು. ಅದರಲ್ಲಿ ನಾಲ್ಕು ಮುಖದ್ದು ಮನೆಯ ಕಾರ್ಪೆಟ್ಟಿನಲ್ಲಿ ತುದಿ ಮೇಲಾಗಿ ಕಾಯುತ್ತಾ ಇರುತ್ತದೆ. ನಮ್ಮನೆಯವರಿಗೆ ಈ ಆಟದ ಬಗ್ಗೆ ಇರುವ ಅಭಿಪ್ರಾಯವೆಲ್ಲ ಅವರ ಎಡ ಹಿಮ್ಮಡಿಯಿಂದ ಬಂದದ್ದು.

ಹಾಂ, ಯಾಕೆ ಹೋಗುತ್ತೇನೆ ಅಂತ ಹೇಳುತ್ತೇನೆ ಅಂದಿದ್ದೆ. ಇರಿ, ಅದಕ್ಕೂ ಮೊದಲು ಒಂದು ತುರ್ತಿನ ವಿಷಯ. ಆ ಡ್ವಾರ್ಫ್ ಯೋಧೆಯನ್ನು ಕೈಬಿಟ್ಟಿದ್ದೇನೆ. ಈ ಬುಧವಾರಕ್ಕೆ ನನ್ನದೇ ಪಾತ್ರ. ಲೀಗಿನಲ್ಲಿ ಯಾರಿಗೂ ಮನಸ್ಸಿಗೆ ಬಂದ ಅಂಕ ಹಾಕಿಕೊಳ್ಳಲು ಬಿಡುವುದಿಲ್ಲ, ಲೆಕ್ಕ ಹಾಕಿ ಅಂಕ ಕೊಳ್ಳುವ ದಾರಿಯೂ ಒಂದಿದೆ, ನಾನು ಹಿಡಿದದ್ದು ಸುಲಭದ್ದು, ಆರು ಗುಣಕ್ಕೆ ಅವರೇ ಕೊಡುವ ಆರು ಅಂಕ: 15, 14, 13, 12, 10, 8. ಇದರಲ್ಲಿ ಯಾವುದಕ್ಕೆ ಯಾವುದು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಹದಿನೈದು ಕಣ್ಣು ಮುಚ್ಚಿ ಕರಿಸ್ಮಾಕ್ಕೆ. ತಂಟೆ ಇರುವುದು ಆ ಎಂಟರದು. ಶಕ್ತಿಗೆ ಹಾಕಿದರೆ ಬಾಗಿಲು ನೂಕಲೂ ಗಡ್ಡದವರನ್ನು ಕರೆಯಬೇಕು, ಅವರು ಪುಟ ಸಂಖ್ಯೆ ಹೇಳಿ ನೂಕುತ್ತಾರೆ. ಕಾನ್‌ಸ್ಟಿಟ್ಯೂಷನ್‌ಗೆ, ಅಂದರೆ ಮೈಯ ತಾಳಿಕೆಗೆ ಹಾಕಿದರೆ ಮೊದಲ ಏಟಿಗೇ ಮಾತು ನಿಂತುಹೋಗುತ್ತದೆ. ಡೆಕ್ಸ್‌ಟೆರಿಟಿಗೆ, ಅಂದರೆ ಚುರುಕಿಗೆ ಹಾಕಿದರೆ ಬಿಟ್ಟ ಬಾಣವೆಲ್ಲ ನನಗೇ. ಇಂಟೆಲಿಜೆನ್ಸ್‌ಗೆ ಹಾಕಲು ಮನಸ್ಸೇ ಒಪ್ಪುತ್ತಿಲ್ಲ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಬರೆದು, ಒರೆಸಿ, ಮತ್ತೆ ಬರೆಯುತ್ತಾ ಕೂತಿದ್ದೆ. ಮಗ ಫೋನಿನಿಂದ ಕಣ್ಣು ತೆಗೆಯದೆಯೇ ಹೇಳಿದ:

'ವಿಸ್ಡಮ್‌ಗೆ ಹಾಕು ಅಮ್ಮಾ. ನಿಂಗೆ ಆಕ್ಟಿಂಗ್ ಮಾಡೋದೇ ಬೇಡ.'